ಬೆಟ್ಟ ಹತ್ತಿದವರ ಬರವಣಿಗೆ

ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲಿನಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಸೌಕರ್ಯ ಉಂಟು. ಉತ್ತರ ದೇಶದ ಪುಣ್ಯ ಸಂಪಾದಿಸಲು ಅವರು ರೈಲು ಹತ್ತಬೇಕಾದ್ದಿಲ್ಲ. ಊರ ಮುಂದಿನ ಸಂಗಮವೇ ದಕ್ಷಿಣ ಪ್ರಯಾಗ. ಅಲ್ಲಿಯಂತೆ ಇಲ್ಲಿಯೂ ಮೂರನೆಯ ನೀರು ಕಣ್ಣಿಗೆ ಕಾಣುವುದಿಲ್ಲ. 1989ರಲ್ಲಿ ಮೊದಲಾದ ಕುಂಭಮೇಳವೂ ಇದೆ. ಕಪಿಲೆಯ ದಡ ಹಿಡಿದು ಮೇಲಕ್ಕೆ ನಡೆದರೆ ನಂಜನಗೂಡು, ಅದು ದಕ್ಷಿಣ ಕಾಶಿ. ಕಾವೇರಿಯ ಜೊತೆಗೆ ಕೆಳಕ್ಕೆ ಇಳಿದರೆ ತಲಕಾಡಿಗೆ ಮೊದಲು ಮುಡುಕುತೊರೆಯ ಬೆಟ್ಟ. ಹೊಳೆ ಮುಡುಕಿ ತಿರುಗುವ ಜಾಗವಾದ್ದರಿಂದ ಆ ಹೆಸರು. ಬೆಟ್ಟದ ಮೇಲಿರುವ ದೇವರು ಮಲ್ಲಿಕಾರ್ಜುನ, ತಲಕಾಡಿನ ಪಂಚಲಿಂಗಗಳಲ್ಲಿ ಒಂದು. ಶ್ರೀಶೈಲದ ಹೆಸರೇ ಇಲ್ಲಿಯೂ. ಅರ್ಜುನ ಮಲ್ಲಿಗೆ ಹೂವಿನಿಂದ ಪೂಜಿಸಿದನೆಂದು ಸ್ಥಳದವರ ಕಥೆ. ಹೀಗೆ ಕಾಶಿ ಬಂತು, ಪ್ರಯಾಗ ಬಂತು, ಅರ್ಜುನನೂ ಬಂದ. ಹಿಮಾಲಯವೊಂದು ಬರಲಿಲ್ಲ. ಅದನ್ನು ಹೊತ್ತು ತರುವುದು ಸ್ಥಳಪುರಾಣಕ್ಕೂ ಆಗದ ಮಾತು.

ಬಾರದ ಹಿಮಾಲಯವನ್ನು ನಮ್ಮ ಹಿರಿಯರು ಪುಸ್ತಕದಲ್ಲಿ ಏರಿದರು. ಇಂದಿನವರು ಹಾಗಲ್ಲ, ಬೆನ್ನಿಗೆ ಚೀಲ ಕಟ್ಟಿ ತಾವೇ ಹೊರಡುತ್ತಾರೆ. ಗಢವಾಲ, ಕುಮಾವೂ, ಹಿಮಾಚಲ ಈಗ ನಮ್ಮ ಹುಡುಗರಿಗೆ ಬಂಡೀಪುರದಷ್ಟೇ ಬಳಕೆಯ ಹೆಸರುಗಳು. ಹೋಗಿ ಬಂದವರು ಬರೆಯುತ್ತಲೂ ಇದ್ದಾರೆ. ವಾರದ ಪುರವಣಿಗಳಲ್ಲಿ, ಮಾಸಪತ್ರಿಕೆಗಳಲ್ಲಿ, ಚಿಕ್ಕ ಪುಸ್ತಕಗಳಲ್ಲಿ ಪರ್ವತಾರೋಹಣದ ಅನುಭವಗಳು ಅಚ್ಚಾಗುತ್ತಿವೆ. ಇದು ಸಂತೋಷಪಡಬೇಕಾದ ವಿಷಯವೇ. ಆದರೆ ಕಳೆದ ಕೆಲವು ತಿಂಗಳು ಇಂಥ ಬರಹಗಳನ್ನು ಒಂದು ಕಡೆಯಿಂದ ಓದುತ್ತ ಬಂದ ಮೇಲೆ ನನ್ನಲ್ಲಿ ಒಂದು ಅಸಮಾಧಾನ ಉಳಿಯಿತು. ಅದು ಏನೆಂದು ವಿಚಾರಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನಿಂದಲೇ ತೊಡಗೋಣ. ಬೆಟ್ಟ ಕಾಡುಗಳಲ್ಲಿ ನಡೆಯುವುದಕ್ಕೆ ನಮ್ಮ ಪತ್ರಿಕೆಗಳು ‘ಚಾರಣ’ ಎಂಬ ಮಾತನ್ನು ರೂಢಿಗೆ ತಂದಿವೆ. ಕಿವಿಗೆ ಹಿತವಾದ ಮಾತು. ಹಳೆಯ ಕಾವ್ಯಗಳಲ್ಲಿ ಚಾರಣ ಎಂದರೆ ಬೇರೆ. ಸಿದ್ಧರು, ಚಾರಣರು, ಕಿನ್ನರರು ಎಂದು ಒಟ್ಟಿಗೆ ಬರುವ ದೇವಜಾತಿಯವರು ಅವರು. ಪರ್ವತಗಳ ಮೇಲೆ ಸಂಚರಿಸುತ್ತ ಹಾಡುವವರು. ಭೂಲೋಕದ ಚಾರಣನೂ ಉಂಟು. ಊರೂರು ತಿರುಗಿ ದೊರೆಗಳ ಕೀರ್ತಿಯನ್ನು ಹಾಡುವ ಹೊಗಳುಭಟ. ಎರಡರಲ್ಲಿಯೂ ಒಂದು ಅಂಶ ಸಮಾನ: ಚಾರಣ ಹಾಡುವುದು ಇನ್ನೊಬ್ಬರನ್ನು ಕುರಿತು. ನಮ್ಮ ಹೊಸ ಚಾರಣಸಾಹಿತ್ಯದಲ್ಲಿ ಅಲೆದಾಟವೂ ಉಳಿದಿದೆ, ಹೊಗಳಿಕೆಯೂ ಉಳಿದಿದೆ. ಹೊಗಳಿಸಿಕೊಳ್ಳುವವರು ಮಾತ್ರ ಬದಲಾಗಿದ್ದಾರೆ.

ಈ ಮಾತು ಕಟುವಾಯಿತೆಂದು ಕೆಲವರಿಗೆ ತೋರಬಹುದು. ಈ ಲೇಖನಗಳ ಕಟ್ಟನ್ನು ಒಮ್ಮೆ ನೆನೆಯಿರಿ. ರಾತ್ರಿ ಬಸ್ಸು ಹತ್ತುತ್ತಾರೆ, ಬೆಳಗಿನ ಜಾವ ಚಳಿ, ಉಪ್ಪಿಟ್ಟು, ಚಹ, ಒಬ್ಬ ಗೆಳೆಯನ ಹಾಸ್ಯ, ಮೊದಲ ಏರಿನಲ್ಲಿ ಎಲ್ಲರಿಗೂ ಏದುಸಿರು, ಅನಂತರ ಏಕಾಏಕಿ ಶಿಖರ. ಅಲ್ಲಿ ಮೋಡಗಳು ಕಾಲಡಿಯಲ್ಲಿ, ಸ್ವರ್ಗಕ್ಕೆ ಮೂರೇ ಗೇಣು, ಮಾತು ಸಾಲದು. ಕೊನೆಗೆ, ಇಳಿದು ಬಂದೆವು ಎಂಬ ಒಂದು ವಾಕ್ಯ. ಮೂರು ದಿನದ ನಡಿಗೆಯಲ್ಲಿ ಹದಿನೈದು ನಿಮಿಷ ಕಂಡ ನೋಟಕ್ಕೆ ಅರ್ಧ ಲೇಖನ. ಮಿಕ್ಕ ಹೊತ್ತಿಗೆಲ್ಲ ಮಿಕ್ಕರ್ಧ. ಮಾತು ಸಾಲದು ಎಂದ ಮೇಲೆ ಇಷ್ಟು ಮಾತೇಕೆ ಎಂದು ಕೇಳುವುದು ಒರಟಾದೀತು. ಆದರೆ ಮಾತು ಸಾಲುವ ಕಡೆ ಅದನ್ನು ಏಕೆ ಆಡಲಿಲ್ಲ ಎಂದು ಕೇಳಬಹುದಷ್ಟೆ?

ಇತ್ತೀಚೆಗೆ ಇವುಗಳಲ್ಲಿ ಇನ್ನೊಂದು ಬಗೆ ಹೆಚ್ಚುತ್ತಿದೆ. ಎಲ್ಲರೂ ಹೋಗುವ ದಾರಿ ಲೇಖಕನಿಗೆ ಸಾಲದು. ನಕ್ಷೆಯಲ್ಲಿಲ್ಲದ, ಇಲಾಖೆಯವರು ಗುರುತು ಹಾಕದ, ಕಣಿವೆಯನ್ನು ಬಿಟ್ಟು ಬೆಟ್ಟದ ಬೆನ್ನನ್ನೇ ಹಿಡಿದು ನೆಟ್ಟಗೆ ಏರುವ ದಾರಿ ಬೇಕು. ಅದನ್ನು ಆತ ‘ಯಾರೂ ತುಳಿಯದ ಹಾದಿ’ ಎನ್ನುತ್ತಾನೆ. ಯಾರೂ ತುಳಿಯದಿದ್ದರೆ ಅದು ಹಾದಿಯಾಗುತ್ತಿರಲಿಲ್ಲ ಎಂಬ ತರ್ಕವನ್ನು ಬದಿಗಿಡೋಣ. ಇಂಥ ದಾರಿಗೆ ಕನ್ನಡದಲ್ಲಿ ಹೆಸರುಗಳು ಬೇಕಾದಷ್ಟಿವೆ: ಕಾಲುದಾರಿ, ಒಳದಾರಿ, ಸವಕಲು ದಾರಿ, ಕಳ್ಳದಾರಿ, ಅಡ್ಡದಾರಿ. ಇವುಗಳಲ್ಲಿ ಮೊದಲ ಮೂರು ಬಳಸುವವರ ಕಾಲನ್ನೂ ಅನುಭವವನ್ನೂ ಹೇಳುತ್ತವೆ. ಕೊನೆಯ ಎರಡು ಅವರ ನಡತೆಯನ್ನೇ ಹೇಳುತ್ತವೆ. ಒಬ್ಬ ಅಡ್ಡದಾರಿ ಹಿಡಿದನೆಂದರೆ ನಮ್ಮಲ್ಲಿ ಯಾರೂ ಭೂಗೋಳವನ್ನು ನೆನೆಯುವುದಿಲ್ಲ. ಭಾಷೆ ಇಷ್ಟು ವಿವೇಚನೆಯಿಂದ ಬೇರೆಮಾಡಿ ಇಟ್ಟದ್ದನ್ನು ಬರೆಯುವವನೂ ಬೇರೆಮಾಡಿ ನೋಡಬೇಡವೆ? ಅದು ಕುರಿಗಾಹಿಯ ಒಳದಾರಿಯೋ, ಅವಸರಗಾರನ ಅಡ್ಡದಾರಿಯೋ ಎಂಬುದನ್ನು ಓದುಗನಿಗೆ ತಿಳಿಸಬೇಡವೆ?

ಏಕೆಂದರೆ ಬೆಟ್ಟದ ಬೆನ್ನಿನ ದಾರಿಗೆ ಅದರದೇ ಆದ ಸ್ವಭಾವವಿದೆ. ಕಣಿವೆಯ ದಾರಿ ಬಳಸಿ ಬಳಸಿ ನೀರಿನ ಪಕ್ಕದಲ್ಲಿ ಏರುತ್ತದೆ. ಬೆನ್ನಿನ ದಾರಿಯಲ್ಲಿ ನೀರಿಲ್ಲ. ಗಾಳಿಗೆ ತಡೆಯಿಲ್ಲ, ಸಿಡಿಲಿಗೆ ಮರೆಯಿಲ್ಲ. ಇದೇ ನೆತ್ತಿ ಎಂದು ಏರಿದ ಕಡೆ ಅದರ ಹಿಂದೆ ಇನ್ನೊಂದು ನೆತ್ತಿ ಕಾದಿರುತ್ತದೆ. ಹತ್ತುವಾಗ ಹಿಡಿದ ಹುಲ್ಲು ಇಳಿಯುವಾಗ ಕೈಗೆ ಸಿಗುವುದಿಲ್ಲ. ಹತ್ತುವಾಗ ಕಾಣದ ಪ್ರಪಾತ ಇಳಿಯುವಾಗ ಕಣ್ಣೆದುರಿಗೆ ಇರುತ್ತದೆ. ಹಿಮಾಲಯದಲ್ಲಿ ಇದಕ್ಕೆ ಎತ್ತರದ ತೊಂದರೆಯೂ ಸೇರುತ್ತದೆ. ಗಾಳಿ ತೆಳುವಾದಂತೆ ತಲೆನೋವು, ವಾಂತಿ, ಮಂಕು. ಅದು ಮಿತಿಮೀರಿದರೆ ಕೆಳಗೆ ಇಳಿಯುವುದೇ ಮೊದಲ ಮದ್ದು. ಮಧ್ಯಾಹ್ನದ ಮೇಲೆ ಹವೆ ಕೆಡುವುದು ಅಲ್ಲಿ ಸಾಮಾನ್ಯ. ಇವೆಲ್ಲ ಅಲ್ಲಿಗೆ ಹೋದ ಪ್ರತಿಯೊಬ್ಬ ಲೇಖಕನಿಗೂ ಗೊತ್ತು. ಗೊತ್ತಿದ್ದೂ ಲೇಖನದಲ್ಲಿ ಬರುವುದಿಲ್ಲ. ಬಂದರೂ ಲೇಖಕನ ಧೈರ್ಯಕ್ಕೆ ಹಿನ್ನೆಲೆಯಾಗಿ ಬರುತ್ತದೆ.

ಹೀಗಿರಬೇಕೆಂದು ನಮ್ಮ ಪರಂಪರೆಯೇನೂ ಕಲಿಸಿಲ್ಲ. ಉತ್ತರದ ಪರ್ವತವನ್ನು ಏರಿದವರ ಅತ್ಯಂತ ಹಳೆಯ ಕಥೆಗಳಲ್ಲಿ ಒಂದು ಮಹಾಭಾರತದ ಮಹಾಪ್ರಸ್ಥಾನ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ್ದರಿಂದ ಅವನ ಕೈಯಲ್ಲಿ ಈ ಏರಿಕೆ ಹೇಗಾಗುತ್ತಿತ್ತೆಂದು ಕಾಣುವ ಭಾಗ್ಯ ನಮಗೆ ತಪ್ಪಿತು. ವ್ಯಾಸರ ಕಥೆಯನ್ನೇ ನೆನೆಯೋಣ. ಅಲ್ಲಿ ಹಿಮವಂತನ ವರ್ಣನೆಗಿಂತ ಮುಖ್ಯವಾದದ್ದು ಒಂದು ಲೆಕ್ಕ. ಮೊದಲು ದ್ರೌಪದಿ ಬೀಳುತ್ತಾಳೆ, ಆಮೇಲೆ ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ. ಒಬ್ಬೊಬ್ಬರು ಬಿದ್ದಾಗಲೂ ಭೀಮ ಏಕೆ ಎಂದು ಕೇಳುತ್ತಾನೆ; ತಾನು ಬಿದ್ದಾಗಲೂ ಕೇಳುತ್ತಾನೆ. ಧರ್ಮರಾಯ ತಿರುಗಿ ನೋಡದೆ ನಡೆಯುತ್ತಾನೆ, ನಿಜ. ಆದರೆ ಕವಿ ತಿರುಗಿ ನೋಡುತ್ತಾನೆ. ಶಿಖರ ಮುಟ್ಟಿದವನೊಬ್ಬ, ಬಿದ್ದವರೈವರು ಎಂಬುದನ್ನು ಆತ ಮರೆಯಲು ಬಿಡುವುದಿಲ್ಲ. ಜೊತೆಗೆ ಬಂದ ನಾಯಿಯೊಂದನ್ನು ಬಿಟ್ಟು ಸ್ವರ್ಗಕ್ಕೆ ಬಾರೆನೆಂದು ಧರ್ಮರಾಯ ಹಟ ಹಿಡಿದಾಗ ಆ ಕಥೆ ಮುಟ್ಟುವ ಎತ್ತರ ಯಾವ ಶಿಖರಕ್ಕೂ ಇಲ್ಲ. ಎತ್ತರಕ್ಕೆ ಹೋದವನ ಯೋಗ್ಯತೆ ತಿಳಿಯುವುದು ಜೊತೆಯವರನ್ನು ಕಂಡ ಬಗೆಯಿಂದ ಎಂದಾಯಿತು.

ಇನ್ನೊಂದು ಸಂಗತಿ. ಕಾಳಿದಾಸನ ಕುಮಾರಸಂಭವ ಹಿಮಾಲಯದಿಂದಲೇ ಆರಂಭವಾಗುತ್ತದೆ. ನಮ್ಮ ಹರಿಹರ ಗಿರಿಜಾಕಲ್ಯಾಣದಲ್ಲಿ ಅದೇ ಹಿಮವಂತನ ಮಗಳ ಮದುವೆಯನ್ನು ಹಾಡಿದ. ಈ ಕವಿಗಳ ಕಣ್ಣಿಗೆ ಪರ್ವತವೆಂದರೆ ಒಬ್ಬ ಸಂಸಾರಿ, ಹೆಣ್ಣು ಹೆತ್ತ ತಂದೆ, ಶಿವನಿಗೆ ಮಾವ. ಮಾವನ ಮನೆಗೆ ಹೋಗುತ್ತಾರೆ, ಬರುತ್ತಾರೆ. ಮಾವನ ಮನೆಯನ್ನು ಗೆದ್ದು ಬಂದೆವೆಂದು ಯಾರೂ ಹೇಳಿಕೊಳ್ಳುವುದಿಲ್ಲ. ‘ಶಿಖರವನ್ನು ಜಯಿಸಿದೆವು’ ಎಂಬ ಮಾತು ನಮ್ಮ ಲೇಖನಗಳಿಗೆ ಬಂದದ್ದು ಈಚೆಗೆ, ಹೊರಗಿನಿಂದ. ಹೊರಗಿನವರಲ್ಲಿಯೂ ಎಲ್ಲರದೂ ಆ ಮಾತಲ್ಲ. 1953ರಲ್ಲಿ ಎವರೆಸ್ಟಿನ ನೆತ್ತಿಗೆ ಮೊದಲು ಕಾಲಿಟ್ಟವರು ಯಾರೆಂದು ಲೋಕವೆಲ್ಲ ಪೀಡಿಸಿದಾಗ ಹಿಲರಿಯೂ ತೇನ್‌ಸಿಂಗನೂ ಬಹುಕಾಲ ‘ಇಬ್ಬರೂ ಕೂಡಿ’ ಎಂದೇ ಹೇಳುತ್ತಿದ್ದರು. ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಏರಿದವರ ಸೌಜನ್ಯ ಅದು.

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ತಾಲ್ಲೂಕುಗಳ ಹಳ್ಳಿಗಳಿಂದ ಇಂದಿಗೂ ಜನ ಕಾಲ್ನಡಿಗೆಯಲ್ಲಿ ಮಲೆ ಮಾದೇಶ್ವರನ ಬೆಟ್ಟಕ್ಕೆ ಹೋಗುತ್ತಾರೆ. ಬಸ್ಸಿನ ರಸ್ತೆಯಿದ್ದರೂ ತಾಳುಬೆಟ್ಟದಿಂದ ಮೇಲಕ್ಕೆ ನಡೆದೇ ಹೋಗಬೇಕೆಂದು ಹರಸಿಕೊಂಡವರಿದ್ದಾರೆ. ಅವರ ದೇವರೂ ನಡೆದು ಬಂದವನೇ. ಉತ್ತರಾಜಮ್ಮನ ಮಗ, ಉತ್ತರದಿಂದ ಬಂದವನು. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದಲ್ಲಿ ರಾಗಿ ಬೀಸಿ ಏಳುಮಲೆಯ ಕಡೆಗೆ ನಡೆದನೆಂದು ಕಂಸಾಳೆಯವರು ಇರುಳೆಲ್ಲ ಹಾಡುತ್ತಾರೆ. ಪಿ. ಕೆ. ರಾಜಶೇಖರ ಅವರು 1973ರಲ್ಲಿ ಈ ಕಾವ್ಯವನ್ನು ಸಂಪಾದಿಸಿ ಅಚ್ಚು ಮಾಡಿಸಿದ ಮೇಲೆ ಓದು ಬಲ್ಲವರಿಗೂ ಅದರ ಗಾತ್ರ ತಿಳಿಯಿತು. ಆ ಕಾವ್ಯದ ಭಾಗಗಳಿಗೆ ಹಾಡುವವರು ಇಟ್ಟ ಹೆಸರು ‘ಸಾಲು’: ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು. ಬೆಟ್ಟಕ್ಕೂ ಸಾಲು, ಹಾಡಿಗೂ ಸಾಲು. ಒಂದನ್ನು ದಾಟಿದರೆ ಇನ್ನೊಂದು ಎದುರಾಗುತ್ತದೆ.

ವಿಮರ್ಶಕನ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಮಾದೇಶ್ವರ ಎಷ್ಟು ಮಲೆಗಳನ್ನು ಹತ್ತಿದರೂ ಯಾವ ಮಲೆಯೂ ಬರಿದಾಗಿಲ್ಲ. ಆನುಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂದು ಒಂದೊಂದಕ್ಕೂ ಹೆಸರಿದೆ, ಅಲ್ಲಿ ಆಗಲೇ ಯಾರೋ ಇದ್ದಾರೆ, ಅವರಿಗೊಂದು ಸಂಕಟವಿದೆ. ಗಂಡ ಜೇನಿಗೆಂದು ಕಾಡಿಗೆ ಹೋಗಿದ್ದಾನೆ, ಅವನ ಸಂಶಯಕ್ಕೆ ಈಡಾದ ಸಂಕಮ್ಮ ಒಬ್ಬಳೇ ನರಳುತ್ತಿದ್ದಾಳೆ. ಮಲೆಯ ವರ್ಣನೆಗೆ ಹಾಡುಗಾರ ನಿಲ್ಲುವುದಿಲ್ಲ. ಅವಳ ಗುಡಿಸಲಿನ ಬಾಗಿಲಲ್ಲಿ ನಿಲ್ಲುತ್ತಾನೆ. ನಮ್ಮ ಚಾರಣಲೇಖನಗಳಲ್ಲಿ ಬೆಟ್ಟದಲ್ಲಿ ಇರುವವರಿಗೆ ಹೆಸರೇ ಇಲ್ಲ. ‘ಸ್ಥಳೀಯನೊಬ್ಬ’ ದಾರಿ ತೋರಿಸುತ್ತಾನೆ, ‘ಅಜ್ಜಿಯೊಬ್ಬಳು’ ಮಜ್ಜಿಗೆ ಕೊಡುತ್ತಾಳೆ, ಹೇಸರಗತ್ತೆಯವನು ಸಾಮಾನು ಹೊರಿಸುತ್ತಾನೆ. ಅವರು ಬರುವುದು ಲೇಖಕನ ಉಪಯೋಗಕ್ಕೆ. ಉಪಯೋಗ ಮುಗಿದೊಡನೆ ಲೇಖನದಿಂದ ಹೊರಟುಹೋಗುತ್ತಾರೆ.

ಹೊಸಗನ್ನಡದಲ್ಲಿಯೂ ಒಳ್ಳೆಯ ಮಾದರಿಗಳಿಲ್ಲದೆ ಇಲ್ಲ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿ ಬಂತು. ಕವಿಶೈಲದ ಮೇಲೆ ನಿಂತು ಉದಯಾಸ್ತಗಳನ್ನು ಕಂಡ ಕುವೆಂಪು ನಮಗೆಲ್ಲ ಪರಿಚಿತರು. ಶಿಖರದ ಆನಂದವನ್ನು ಕನ್ನಡಕ್ಕೆ ಕಲಿಸಿದವರೇ ಅವರು ಎನ್ನಬಹುದು. ಆದರೆ ಆ ಆನಂದವನ್ನು ಎರವಲು ಪಡೆದವರು ಅದರ ಹಿಂದಿದ್ದ ನಡಿಗೆಯನ್ನು ಪಡೆಯಲಿಲ್ಲ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ತೆರೆದರೆ ಅಲ್ಲಿ ನಡೆಯುತ್ತಿರುವವನು ಕವಿಯಲ್ಲ, ನಾಯಿಗುತ್ತಿ. ಅವನಿಗೆ ಬೆಟ್ಟವೆಂದರೆ ನೋಟವಲ್ಲ, ಕೆಲಸದ ದಾರಿ. ಜಿಗಣೆ, ಕತ್ತಲು, ಹಸಿವು, ಯಜಮಾನರ ಭಯ. ಹುಲಿಕಲ್ಲು ನೆತ್ತಿ ಅಲ್ಲಿನವರಿಗೆ ಪ್ರೇಕ್ಷಣೀಯ ಸ್ಥಳವಲ್ಲ, ಬೇರೆ ದಿಕ್ಕಿಲ್ಲದವರ ಅಡಗುದಾಣ. ಅಲ್ಲಿಯೂ ಒಂದು ನಾಯಿ ಉಂಟು. ಹುಲಿಯ ಗುತ್ತಿಯ ಹಿಂದೆ ಎಲ್ಲ ಏರಿಳಿತಗಳನ್ನೂ ನಡೆದು ಕೊನೆಗೆ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುತ್ತದೆ. ಅದಕ್ಕೆ ಸ್ವರ್ಗದ ಬಾಗಿಲು ತೆರೆಯಲಿಲ್ಲ. ಓದುಗರ ಮನಸ್ಸಿನಲ್ಲಿ ಮಾತ್ರ ನಿಂತಿತು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇನ್ನೊಂದು ಬಗೆಯ ಮಾದರಿ. ಹಾರುವ ಓತಿಯನ್ನು ಹುಡುಕುತ್ತ ಒಂದು ವಿಚಿತ್ರ ತಂಡ ಕಾಡನ್ನು ಹೊಕ್ಕು, ಬೆಟ್ಟದ ಅಂಚಿನವರೆಗೆ ಹೋಗುತ್ತದೆ. ಓತಿ ಪ್ರಪಾತದ ಮೇಲೆ ತೇಲಿ ಮರೆಯಾಗುತ್ತದೆ; ಇವರು ಬರಿಗೈಯಲ್ಲಿ ನಿಲ್ಲುತ್ತಾರೆ. ಶಿಖರದ ಜಯವೆಂಬುದೇ ಈ ಕಾದಂಬರಿಯಲ್ಲಿ ಇಲ್ಲ. ಕಂಡದ್ದು ಕೈಗೆ ಸಿಗಲಿಲ್ಲವೆಂಬುದೇ ಅದರ ದೊಡ್ಡ ಅನುಭವ. ದಾರಿ ತೋರುವ ಮಂದಣ್ಣ ಇಲ್ಲಿ ‘ಸ್ಥಳೀಯನೊಬ್ಬ’ ಅಲ್ಲ. ವಿಜ್ಞಾನಿಯಷ್ಟೇ ಅವನೂ ಮುಖ್ಯ. ಅವನ ಕಣ್ಣಿಲ್ಲದಿದ್ದರೆ ವಿಜ್ಞಾನಿಗೆ ಕಾಣಲು ಏನೂ ಇರಲಿಲ್ಲ. ಕಾಡಿನ ದಾರಿಯ ಹಾಸ್ಯ, ಜಗಳ, ಅಡಿಗೆ, ಸುಸ್ತು ಎಲ್ಲಕ್ಕೂ ಈ ಪುಸ್ತಕದಲ್ಲಿ ಎಡೆಯುಂಟು. ಬೆಟ್ಟದ ಲೇಖನ ಬರೆಯುವ ತರುಣರು ಒಂದು ಪುಸ್ತಕವನ್ನು ಓದಬೇಕಾದರೆ ಇದನ್ನೇ ಓದಲೆಂದು ನಾನು ಹೇಳುತ್ತೇನೆ.

ವಾರದ ಪುರವಣಿಯ ಎರಡು ಅಂಕಣದ ಲೇಖನಕ್ಕೆ ಮಹಾಕಾವ್ಯದ ಅಳತೆಗೋಲು ಹಿಡಿಯುವುದು ನ್ಯಾಯವೆ ಎಂದು ಕೇಳಬಹುದು. ನ್ಯಾಯವಲ್ಲ, ಒಪ್ಪುತ್ತೇನೆ. ಆದರೆ ಮಹಾಕಾವ್ಯಕ್ಕಿಲ್ಲದ ಒಂದು ಹೊಣೆ ಈ ಲೇಖನಕ್ಕಿದೆ. ಗಿರಿಜಾಕಲ್ಯಾಣವನ್ನು ಓದಿ ಯಾರೂ ಕೈಲಾಸಕ್ಕೆ ಗಂಟು ಕಟ್ಟುವುದಿಲ್ಲ. ಚಾರಣಲೇಖನವನ್ನು ಓದಿದವರು ಮುಂದಿನ ಶನಿವಾರ ಹೊರಡುತ್ತಾರೆ. ಸುಲಭವಾದ ದಾರಿ ಎಂದು ಬರೆದರೆ ನಂಬುತ್ತಾರೆ. ಅಪ್ಪಣೆ ಬೇಕಾಗಲಿಲ್ಲ ಎಂದು ಬರೆದರೆ ಅದನ್ನೂ ನಂಬುತ್ತಾರೆ. ಇಲ್ಲಿ ಒಂದು ವಿಶೇಷಣದ ತಪ್ಪು ಬರಿಯ ಶೈಲಿಯ ದೋಷವಲ್ಲ.

2024ನೆಯ ವರ್ಷ ಇದಕ್ಕೆ ಎರಡು ನಿದರ್ಶನಗಳನ್ನು ಕೊಟ್ಟಿತು. ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರಪರ್ವತವನ್ನು ಹತ್ತಲು ಸಾವಿರಾರು ಜನ ಒಟ್ಟಿಗೆ ಬಂದು ಬೆಟ್ಟದ ಬುಡದಲ್ಲಿ ಜಾತ್ರೆ ನೆರೆಯಿತು. ಆಮೇಲೆ ಸರ್ಕಾರ ಮುಂಗಡ ನೋಂದಣಿಯನ್ನೂ ದಿನಕ್ಕೆ ಇಷ್ಟೇ ಜನವೆಂಬ ಮಿತಿಯನ್ನೂ ತಂದಿತು. ತಾರಕನನ್ನು ಕೊಂದ ಕುಮಾರಸ್ವಾಮಿ ಆಯುಧ ತೊಳೆದು ವಿಶ್ರಮಿಸಿದನೆಂದು ಹೇಳುವ ಬೆಟ್ಟ ಅದು. ಅವನ ವಿಶ್ರಾಂತಿಯ ಗತಿ ಏನಾಯಿತೋ. ಎರಡನೆಯದು ನಗುವ ಸಂಗತಿಯಲ್ಲ. ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲದ ದಾರಿಯಲ್ಲಿ ಕರ್ನಾಟಕದಿಂದ ಹೋದ ಚಾರಣಿಗರ ತಂಡ ಹಿಮಗಾಳಿಗೆ ಸಿಕ್ಕಿತು. ಮಾರ್ಗದರ್ಶಕರೂ ಸೇರಿ 22 ಮಂದಿಯಲ್ಲಿ 9 ಮಂದಿ ತೀರಿಕೊಂಡರು. ಅದು ಕಳ್ಳದಾರಿಯಲ್ಲ, ಚಾರಣಿಗರು ಬಲ್ಲ ದಾರಿ; ಹೋದವರಲ್ಲಿ ಅನುಭವಸ್ಥರೂ ಇದ್ದರು. ಬಲ್ಲ ದಾರಿಯೇ ಹೀಗೆ ತಿರುಗಬಲ್ಲದಾದರೆ, ಗುರುತಿಲ್ಲದ ಕಡಿದಾದ ಬೆನ್ನನ್ನು ಏರಿದ್ದನ್ನು ಮೋಜಿನ ಕಥೆಯಾಗಿ ಬರೆಯುವವನ ಕೈ ಒಂದು ಕ್ಷಣವಾದರೂ ತಡೆಯಬೇಡವೆ? ಹೋಗಲೇಬಾರದೆಂದು ನಾನು ಹೇಳುತ್ತಿಲ್ಲ. ಬೆಟ್ಟದ ಆಸೆ ದೊಡ್ಡ ಆಸೆ. ಅದಿಲ್ಲದ ತಾರುಣ್ಯ ಇದ್ದೇನು ಫಲ? ಬರೆಯುವಾಗ ನಿಜವನ್ನು ಬರೆಯಿರಿ ಎಂಬುದಷ್ಟೇ ನನ್ನ ಬಿನ್ನಹ.

ಇಷ್ಟು ಹೇಳಿದ ಮೇಲೆ ನನ್ನ ಯೋಗ್ಯತೆಯನ್ನೂ ಓದುಗರ ಮುಂದೆ ಇಡಬೇಕು. ಹಲವು ವರ್ಷಗಳ ಹಿಂದೆ ಅಚ್ಚಾದ ಲೇಖನವೊಂದನ್ನು ನಂಬಿ ಒಬ್ಬ ಗೆಳೆಯರೊಡನೆ ಕುಮಾರಪರ್ವತಕ್ಕೆ ಹೊರಟಿದ್ದೆ. ಸುಬ್ರಹ್ಮಣ್ಯದ ಕಡೆಯಿಂದ ಏರು ಮೊದಲು ಕಾಡಿನೊಳಗೆ, ಬೇರುಗಳೇ ಮೆಟ್ಟಿಲು. ಗಿರಿಗದ್ದೆ ದಾಟಿ ಕಾಡು ಮುಗಿದೊಡನೆ ಬೋಳು ಹುಲ್ಲುಗುಡ್ಡ, ನೆತ್ತಿಯ ಮೇಲೆ ಬಿಸಿಲು. ಲೇಖನದಲ್ಲಿ ಒಂದು ವಾಕ್ಯದಲ್ಲಿ ಮುಗಿದಿದ್ದ ಏರು ನಮಗೆ ಎರಡು ಗಂಟೆಯಾದರೂ ಮುಗಿಯಲಿಲ್ಲ. ತಂದ ನೀರು ತೀರಿತು. ಗೆಳೆಯರ ಮಂಡಿ ಕೈಕೊಟ್ಟಿತು. ಶೇಷಪರ್ವತದ ಕಡೆಯಿಂದ ಮಂಜು ಇಳಿಯತೊಡಗಿತು. ಇಬ್ಬರೂ ಒಂದು ಕಲ್ಲಿನ ಮೇಲೆ ಕುಳಿತು, ಬಹಳ ಹೊತ್ತು ಮಾತಾಡದೆ ಇದ್ದು, ಹಿಂದಿರುಗಿದೆವು. ಇಳಿಯುವಾಗ ಪಟ್ಟ ನಾಚಿಕೆ ಇನ್ನೂ ನೆನಪಿದೆ. ಊರಿಗೆ ಬಂದು ಯಾರಿಗೂ ಹೇಳಲಿಲ್ಲ. ಈಗ ಅನ್ನಿಸುತ್ತದೆ, ಆ ದಿನ ನಾವು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ, ಅದನ್ನೇ ಬರೆಯಬೇಕಾಗಿತ್ತು. ಅರ್ಧದಿಂದ ಹಿಂದಿರುಗಿದವನ ಲೇಖನವನ್ನು ನಾನು ಎಲ್ಲಿಯೂ ಓದಿಲ್ಲ. ಹಿಂದಿರುಗಿದವರೇ ಇಲ್ಲವೆಂದಲ್ಲ, ನನ್ನ ಹಾಗೆ ಅವರೂ ನಾಚಿಕೊಂಡು ಸುಮ್ಮನಿದ್ದಾರೆ. ಶಿಖರವನ್ನೇ ಕಥೆಯ ಕೊನೆಯೆಂದು ತಿಳಿದ ಬರವಣಿಗೆ ಅವರ ಬಾಯಿ ಕಟ್ಟಿದೆ.

ಮುಡುಕುತೊರೆಯ ಬೆಟ್ಟ ಎತ್ತರದ್ದಲ್ಲ. ಜಾತ್ರೆಯ ಕಾಲದಲ್ಲಿ ಮುದುಕಿಯರು ಅದನ್ನು ಹತ್ತುವುದನ್ನು ನೋಡಬೇಕು. ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾರೆ; ಹಿಂದೆ ಬರುವವಳು ಬಂದಳೆ ಎಂದು ತಿರುಗಿ ನೋಡುತ್ತಾರೆ; ಆಗದವಳನ್ನು ನೆರಳಲ್ಲಿ ಕೂರಿಸಿ, ನಿನ್ನ ಕಾಯನ್ನೂ ನಾನೇ ಒಡೆಸಿಕೊಂಡು ಬರುತ್ತೇನೆ ಎನ್ನುತ್ತಾರೆ. ಕೆಳಗೆ ಕುಳಿತವಳ ಹೆಸರಿನಲ್ಲಿಯೂ ಮೇಲೆ ಪೂಜೆ ನಡೆಯುತ್ತದೆ. ಪ್ರಸಾದ ಇಬ್ಬರಿಗೂ ಸಮ. ಮನೆಗೆ ಬಂದ ಮೇಲೆ ಅವರು ಹೇಳುವ ಕಥೆಯಲ್ಲಿ ಬಿಸಿಲು, ನೂಕುನುಗ್ಗಲು, ಕಾಲುನೋವು, ಕಂಡವರ ಕ್ಷೇಮಸಮಾಚಾರ ಎಲ್ಲ ಇರುತ್ತದೆ. ದೇವರ ದರ್ಶನ ಒಂದು ಮಾತಿನಲ್ಲಿ ಮುಗಿಯುತ್ತದೆ. ಉತ್ತರದ ಪರ್ವತಗಳಿಂದ ಬರುವ ನಮ್ಮ ತರುಣರು ಈ ರೀತಿಯಲ್ಲಿ ಒಂದು ಲೇಖನ ಬರೆಯಲಿ. ದಾರಿ ಎಷ್ಟು ಕಷ್ಟವಾಗಿತ್ತು, ದಾರಿ ತೋರಿದವನ ಹೆಸರೇನು, ಯಾರು ಹಿಂದೆ ಉಳಿದರು, ಅವರ ಜೊತೆಗೆ ಯಾರು ನಿಂತರು ಎಂದು ಬರೆಯಲಿ. ಶಿಖರ ಕಾಣದಿದ್ದರೂ ಚಿಂತೆಯಿಲ್ಲ. ಅಂಥ ಲೇಖನ ಬಂದ ಭಾನುವಾರ ಅದನ್ನು ಮೊದಲು ಓದುವವರಲ್ಲಿ ನಾನೂ ಒಬ್ಬ.